15 ರೂಪಾಯಿ ಜಾಸ್ತಿ ಕೊಟ್ಟರೆ ಶಾಲೆಗೆ ಎಷ್ಟು ಸೇರುತ್ತದೆ?

ಪ್ರಶ್ನೆ: ನಾನು ಮಾಮೂಲಾಗಿ ತರುತ್ತಿದ್ದ ಬಟ್ಟೆ ಸೋಪಿನ ಪುಡಿ ಬಿಟ್ಟು, ಎರಡು ತಿಂಗಳಿಂದ ಬೇರೆ ಕಂಪನಿಯದ್ದು ತರುತ್ತಿದ್ದೇನೆ. ಪ್ಯಾಕೆಟ್ ಮೇಲೆ ಶಾಲೆ ಮಕ್ಕಳ ಚಿತ್ರ ಇದೆ. ‘ನಿಮ್ಮ ಖರೀದಿಯ ಒಂದು ಪಾಲು ಹಳ್ಳಿ ಮಕ್ಕಳ ಓದಿಗೆ’ ಅಂತ ಬರೆದಿದ್ದಾರೆ. ಕಿಲೋಗೆ 15 ರೂಪಾಯಿ ಜಾಸ್ತಿ. ‘ಅದೆಲ್ಲ ಸಿಎಸ್‌ಆರ್ ನಾಟಕ ಅಮ್ಮ’ ಅಂತ ಮಗಳು ನಗುತ್ತಾಳೆ. ನಾನು ಮೋಸ ಹೋಗುತ್ತಿದ್ದೇನಾ?
– ಗೃಹಿಣಿ, ದಾವಣಗೆರೆ

ಉತ್ತರ: ಮೋಸ ಅನ್ನಲಾರೆ. ಆದರೆ ಆ 15 ರೂಪಾಯಿ ಹಾಗೇ ಶಾಲೆಗೆ ಹೋಗುತ್ತದೆ ಅಂದುಕೊಂಡಿದ್ದರೆ, ಸ್ವಲ್ಪ ಲೆಕ್ಕ ಹಾಕೋಣ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಅನ್ನುವುದು ದೊಡ್ಡ ಕಂಪನಿಗಳು ಮನಸ್ಸು ಬಂದರೆ ಮಾಡುವ ದಾನವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿವ್ವಳ ಮೌಲ್ಯ (ಸಾಲ ಕಳೆದು ಉಳಿಯುವ ಆಸ್ತಿ) 500 ಕೋಟಿ, ವಹಿವಾಟು 1,000 ಕೋಟಿ, ಲಾಭ 5 ಕೋಟಿ – ಇದರಲ್ಲಿ ಒಂದನ್ನು ಮುಟ್ಟಿದರೂ ಸಾಕು, ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಲಾಭದಲ್ಲಿ ಶೇ 2, ಬೆಲೆಯಲ್ಲಲ್ಲ. 100 ರೂಪಾಯಿ ಪ್ಯಾಕೆಟ್‌ನಲ್ಲಿ ಕಂಪನಿಗೆ 10 ರೂಪಾಯಿ ಉಳಿಯಿತು ಅಂದುಕೊಳ್ಳಿ. ಅದರ ಶೇ 2 ಅಂದರೆ 20 ಪೈಸೆ! ನಿಮ್ಮ ಹಳೇ ಪುಡಿಯ ಕಂಪನಿಯೂ ಅಷ್ಟು ದೊಡ್ಡದಾಗಿದ್ದರೆ ಅದೂ ಇದನ್ನು ಮಾಡಲೇಬೇಕು. ಪ್ಯಾಕೆಟ್ ಮೇಲೆ ಹೇಳಿಕೊಂಡಿಲ್ಲ, ಅಷ್ಟೇ.

ಪ್ಯಾಕೆಟ್ ಮೇಲಿನ ಮಾತು ಈ ಸಿಎಸ್‌ಆರ್‌ಗಿಂತ ಬೇರೆಯೇ ಇರಬಹುದು. ಐಟಿಸಿಯ ಕ್ಲಾಸ್‌ಮೇಟ್ ನೋಟ್‌ಬುಕ್ ನೆನಪಿದೆಯಾ? ನಾಲ್ಕು ಪುಸ್ತಕಕ್ಕೆ 1 ರೂಪಾಯಿ ಗ್ರಾಮೀಣಾಭಿವೃದ್ಧಿ ಕೆಲಸಕ್ಕೆ ಅಂತ ಹೇಳಿಕೊಂಡಿತ್ತು. ಅಂದರೆ ಪುಸ್ತಕಕ್ಕೆ 25 ಪೈಸೆ. ಸಣ್ಣ ಮೊತ್ತವೇ, ಆದರೆ ಬಾಯಿಬಿಟ್ಟು ಹೇಳಿದ್ದಾರೆ. ಅದು ನನಗೆ ಇಷ್ಟ. ‘ಒಂದು ಪಾಲು’ ಅಂದರೆ ಐದು ಪೈಸೆಯೂ ಪಾಲೇ ಅಲ್ವಾ?

ಇನ್ನು ನಿಮ್ಮ ಮನಸ್ಸು ಯಾಕೆ ಆ ಕಡೆ ವಾಲಿತು ಅನ್ನುವ ವಿಚಾರ. ಒಳ್ಳೆ ಕೆಲಸ ಮಾಡುವ ಕಂಪನಿಯದ್ದೇ ಕೊಳ್ಳುತ್ತೀರಾ ಅಂತ ಕೇಳಿದರೆ ಬೇಡ ಅನ್ನುವವರು ಯಾರಿದ್ದಾರೆ? ಅಂಗಡಿಯಲ್ಲಿ ಮಾತ್ರ ಕಥೆ ಬೇರೆ. ಕಿರಾಣಿ ಅಂಗಡಿ ಮುಂದೆ ಅರ್ಧ ಗಂಟೆ ನಿಂತು ನೋಡಿ. ‘ಹತ್ತರದ್ದಾ, ಇಪ್ಪತ್ತರದ್ದಾ?’ ಅಂತ ಅಂಗಡಿಯವರು ಕೇಳುತ್ತಾರೆ, ಪ್ಯಾಕೆಟ್ ನೇರ ಚೀಲಕ್ಕೆ ಬೀಳುತ್ತದೆ. ಅದರ ಬೆನ್ನು ತಿರುಗಿಸಿ ಓದುವವರೇ ಇಲ್ಲ. ಕೈಯಲ್ಲಿ ಹಿಡಿದು ನೋಡುವ ಅವಕಾಶ ಇರುವುದು ಸೂಪರ್‌ಮಾರ್ಕೆಟ್‌ನಲ್ಲಿ. ಅಲ್ಲೂ ಬೆಲೆ, ಗುಣ ಎರಡೂ ಹತ್ತಿರ ಹತ್ತಿರ ಇದ್ದಾಗ ಮಾತ್ರ ಆ ಚಿತ್ರ ತಕ್ಕಡಿಯನ್ನು ಒಂದು ಕಡೆ ಬಗ್ಗಿಸುತ್ತದೆ. ಬಟ್ಟೆ ಬೆಳ್ಳಗಾಗದಿದ್ದರೆ ಮೂರನೇ ತಿಂಗಳು ನೀವೂ ಹಳೇ ಪುಡಿಗೇ ವಾಪಸ್.

ಜೊತೆಗೆ ಇನ್ನೊಂದು ನಡೆಯುತ್ತದೆ. ಮಕ್ಕಳಿಗೆ ಒಳ್ಳೆಯದು ಮಾಡುವವರು ಪುಡಿಯಲ್ಲಿ ಕಲಬೆರಕೆ ಮಾಡಲಾರರು ಅಂತ ನಮಗೆ ಗೊತ್ತಿಲ್ಲದೆಯೇ ನಂಬಿಬಿಡುತ್ತೇವೆ. ಪುಡಿಯೊಳಗೆ ಏನಿದೆ ಅಂತ ಮನೆಯಲ್ಲಿ ಪರೀಕ್ಷೆ ಮಾಡೋಕೆ ಆಗಲ್ಲವಲ್ಲ! ಆ ನಂಬಿಕೆಯೇ ಕಂಪನಿಗೆ ಸಿಗುವ ದೊಡ್ಡ ಲಾಭ. (ಮೈಸೂರು ಸ್ಯಾಂಡಲ್ ಸೋಪು ಕೊಳ್ಳುವವರೂ ಯಾವ ವರದಿ ಓದಿ ಕೊಳ್ಳುವುದಿಲ್ಲ. ‘ನಮ್ಮದು’ ಅನ್ನುವುದೇ ಸಾಕು.)

ಮಗಳಿಗೂ ಒಂದು ಮಾತು. ಎಲ್ಲವೂ ನಾಟಕವಲ್ಲ. ಸರಕಿನ ಪ್ರಚಾರಕ್ಕಾಗಿ ಮಾಡುವ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಲೆಕ್ಕಕ್ಕೆ ಸೇರಿಸುವಂತಿಲ್ಲ ಅಂತ ನಿಯಮವೇ ಇದೆ. ಯಾವ ಯೋಜನೆ ಕೈಗೊಂಡಿದ್ದೇವೆ ಅಂತ ಕಂಪನಿ ತನ್ನ ವೆಬ್‌ಸೈಟ್‌ನಲ್ಲಿ ಹಾಕಬೇಕು. ಅವಳೇ ಹುಡುಕಿ ನೋಡಲಿ.

ನನ್ನನ್ನು ಕೇಳಿದರೆ, ಕಂಪನಿ ಎಲ್ಲಿ ದಾನ ಕೊಟ್ಟಿತು ಅನ್ನುವುದಕ್ಕಿಂತ ಅದರ ಪುಡಿ ಚರಂಡಿಗೆ ಇಳಿದ ಮೇಲೆ ಏನಾಗುತ್ತದೆ ಅಂತ ನೋಡುತ್ತೇನೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಿದ್ದನ್ನು ನೋಡಿದ್ದೇವೆ. ಮನೆಮನೆಯ ಸೋಪಿನ ನೀರೂ ಅದರಲ್ಲಿತ್ತು. ಪರಿಸರಕ್ಕೆ ಹಗುರವಾದ ಸರಕಿಗೆ ಸರ್ಕಾರದ ಇಕೋಮಾರ್ಕ್ ಗುರುತಿದೆ. 1991ರಲ್ಲೇ ಬಂದದ್ದು, ಮಣ್ಣಿನ ಮಡಕೆಯ ಚಿತ್ರ. ಅಂಗಡಿಯಲ್ಲಿ ಕಾಣುವುದು ಅಪರೂಪ. ಸುಮ್ನೆ ‘ಪರಿಸರಸ್ನೇಹಿ’ ಅಂತ ಬರೆದುಕೊಂಡರೆ ಪುರಾವೆ ಇರಬೇಕು ಅಂತ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿಯೂ ಬಂದಿದೆ. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಸದ್ಯಕ್ಕೆ ಪ್ಯಾಕೆಟ್ ಹಿಂಬದಿ ಗ್ರಾಹಕ ಸೇವೆಯ ನಂಬರ್ ಇರುತ್ತದೆ, ಫೋನ್ ಮಾಡಿ. ‘ನಿಮ್ಮ ಒಂದು ಪಾಲು ಅಂದರೆ ಎಷ್ಟು ಪೈಸೆ?’ ಅಂತ ಕೇಳಿ. ಉತ್ತರ ಬರುವಾಗ ಸ್ಪೀಕರ್ ಹಾಕಿ, ಮಗಳೂ ಕೇಳಿಸಿಕೊಳ್ಳಲಿ.