ಅಜ್ಜಿಯ ಪದ ಮೊದಲು, ಸಿನಿಮಾ ಹಾಡು ಆಮೇಲೆ

ಪ್ರಶ್ನೆ: ನಮಸ್ತೆ ಸರ್. ನಮ್ಮ ಮನೆಯಲ್ಲಿ ಒಂದು ಟ್ರಂಕ್ ತುಂಬ ಹಳೇ ಕ್ಯಾಸೆಟ್‌ಗಳಿವೆ. ಸಿನಿಮಾ ಹಾಡು, ಭಕ್ತಿಗೀತೆ, ನಾಟಕ, ಎಲ್ಲ. ಒಂದರಲ್ಲಿ ಮಾತ್ರ ನಮ್ಮ ಅಜ್ಜಿ ಹಾಡಿದ ಬೀಸೋ ಪದ, ಸೋಬಾನೆ ಪದಗಳಿವೆ. ನಮ್ಮ ಸೋದರಮಾವ ಎಂಬತ್ತರ ದಶಕದಲ್ಲಿ ರೆಕಾರ್ಡ್ ಮಾಡಿದ್ದು. ಮೊನ್ನೆ ಹಾಕಿದರೆ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಮಂಕಾಗಿ ಕೇಳಿಸಿತು, ಆಮೇಲೆ ರೀಲು ಸಿಕ್ಕಿಕೊಂಡು ತುಂಡಾಯಿತು. ಪರಿಚಯದವರೊಬ್ಬರು ಸೆಲ್ಲೋ ಟೇಪ್ ಹಚ್ಚಿ ಸರಿ ಮಾಡಿಕೊಡ್ತೀನಿ ಅಂತಿದ್ದಾರೆ. ಕೊಡಲೇ?
– ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಕೊಡಬೇಡಿ ಅಮ್ಮ. ಸೆಲ್ಲೋ ಟೇಪಿನ ಅಂಟು ದಿನ ಕಳೆದಂತೆ ಬದಿಗೆ ಜಿನುಗುತ್ತದೆ, ಪಕ್ಕದ ಸುತ್ತಿಗೆ ಮೆತ್ತಿಕೊಳ್ಳುತ್ತದೆ, ಕೊನೆಗೆ ಟೇಪ್ ರೆಕಾರ್ಡರಿನೊಳಗೆ ರೀಲಿನಿಂದ ಧ್ವನಿ ಓದುವ ಹೆಡ್ಡಿಗೂ ಹತ್ತುತ್ತದೆ. ಇದಕ್ಕೆ ಅಂತಲೇ ಸ್ಪ್ಲೈಸಿಂಗ್ ಟೇಪ್ ಬರುತ್ತದೆ. ಕ್ಯಾಸೆಟ್ ರೀಲಿನ ಅಗಲ 3.81 ಮಿಲಿಮೀಟರ್, ಆ ಅಳತೆಗೆ ಹೊಂದುವುದನ್ನೇ ತರಿಸಿ. ಅಂಗಡಿ ಅಂಗಡಿ ಸುತ್ತಿ ಸುಸ್ತಾಗಬೇಡಿ, ಆನ್‌ಲೈನಿನಲ್ಲಿ ಹುಡುಕುವುದೇ ಸುಲಭ.

ಮೊದಲು ಒಂದು ಮಾತು. ಟ್ರಂಕಿನಲ್ಲಿರುವ ಎಲ್ಲವನ್ನೂ ಉಳಿಸಲು ಹೊರಡಬೇಡಿ. ಸಿನಿಮಾ ಹಾಡು, ಭಕ್ತಿಗೀತೆಗಳಲ್ಲಿ ಬಹುಪಾಲು ಇವತ್ತು ಫೋನಿನಲ್ಲೇ ಸಿಗುತ್ತವೆ, ನಿಮ್ಮ ಕ್ಯಾಸೆಟ್ಟಿಗಿಂತ ಚೆನ್ನಾಗಿಯೇ ಕೇಳಿಸುತ್ತವೆ. ಚಳ್ಳಕೆರೆ ಕಡೆಯ ಸಿರಿಯಜ್ಜಿ ಸಾವಿರಾರು ಪದ ಬಾಯಲ್ಲೇ ಇಟ್ಟುಕೊಂಡಿದ್ದವರು, ಅವರ ಪದಗಳನ್ನು ಬರೆದಿಟ್ಟುಕೊಳ್ಳುವವರು ಸಿಕ್ಕರು. ನಿಮ್ಮ ಅಜ್ಜಿಯ ಪದ ಮಾತ್ರ ಆ ಒಂದು ರೀಲು ಬಿಟ್ಟರೆ ಎಲ್ಲೂ ಇಲ್ಲ, ಅಲ್ವಾ? ಹಾಗೇ, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ನಮ್ಮದು. ಯಾರೋ ನಾಟಕದ ಎದುರು ಕೂತು ರೆಕಾರ್ಡ್ ಮಾಡಿದ ಕ್ಯಾಸೆಟ್ ಇದ್ದರೆ ಅದನ್ನೂ ಮೊದಲ ಸಾಲಿಗೆ ಸೇರಿಸಿ.

ಈಗ ರಿಪೇರಿ. ಮೊದಲೇ ಕ್ಯಾಸೆಟ್ಟಿನ ಬೆನ್ನಿನ ಮೇಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ. ಆಮೇಲೆ ಯಾರಾದರೂ ಗೊತ್ತಿಲ್ಲದೆ ರೆಕಾರ್ಡ್ ಬಟನ್ ಒತ್ತಿದರೂ ಅದು ಕೆಳಗೆ ಇಳಿಯುವುದಿಲ್ಲ. ಸ್ಕ್ರೂ ಇರುವ ಕ್ಯಾಸೆಟ್ ಆದರೆ ಮೇಜಿನ ಮೇಲೆ ಮಲಗಿಸಿ, ಸ್ಕ್ರೂ ಬಿಚ್ಚಿ, ಮೇಲಿನ ಅರ್ಧವನ್ನು ನಿಧಾನವಾಗಿ ಎತ್ತಿ. ಒಳಗಿನ ಪುಟ್ಟ ರೋಲರ್‌ಗಳು ಎಲ್ಲಿವೆ, ರೀಲು ಯಾವುದರ ಹೊರಗಿಂದ ಹೋಗಿದೆ ಅಂತ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಂಡೇ ಮುಂದೆ ಹೋಗಿ. ಸ್ಕ್ರೂ ಇಲ್ಲದೆ ಅಂಟಿಸಿದ ಕ್ಯಾಸೆಟ್ ಆದರೆ ಅಂಚಿಗೆ ಬ್ಲೇಡ್ ಹಾಕಿ ಬಿಡಿಸಬೇಕು, ಆ ಡಬ್ಬಿ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಟ್ರಂಕಿನಲ್ಲಿರುವ ಯಾವುದಾದರೂ ಸಿನಿಮಾ ಹಾಡಿನ ಸ್ಕ್ರೂ ಕ್ಯಾಸೆಟ್ಟನ್ನು ಖಾಲಿ ಮಾಡಿ ಅಜ್ಜಿಯ ರೀಲನ್ನು ಅದರೊಳಗೆ ಕೂರಿಸಿ.

ತುಂಡಾದ ಎರಡು ತುದಿಗಳನ್ನು ಒಂದರ ಮೇಲೊಂದು ಇಟ್ಟು ಓರೆಯಾಗಿ ಒಟ್ಟಿಗೇ ಕತ್ತರಿಸಿ. ಆಮೇಲೆ ಎದುರುಬದುರು ಜೋಡಿಸಿ. ಸಂದಿಯೂ ಇರಬಾರದು, ಒಂದರ ಮೇಲೊಂದು ಏರಲೂಬಾರದು. ಹೆಡ್ಡಿಗೆ ತಾಗುವುದು ರೀಲಿನ ಹೊರಮುಖ, ಆದ್ದರಿಂದ ಸ್ಪ್ಲೈಸಿಂಗ್ ಟೇಪ್ ಹಚ್ಚಬೇಕಾದದ್ದು ಒಳಮುಖಕ್ಕೆ. ಎಣ್ಣೆ ಕೈಯಲ್ಲಿ ಮುಟ್ಟಬೇಡಿ. ಸುಕ್ಕಾದ ಭಾಗವನ್ನು ಕತ್ತರಿಸಿ ಎಸೆಯುವ ಆಸೆ ಬರುತ್ತದೆ, ಎಸೆಯಬೇಡಿ. ಸೆಕೆಂಡಿಗೆ ಓಡುವುದೇ 4.76 ಸೆಂಟಿಮೀಟರ್, ಒಂದು ಗೇಣು ಕತ್ತರಿಸಿದರೆ ಪದದ ಅರ್ಧ ಸಾಲು ಹೋಯಿತು.

ಧ್ವನಿ ಮಂಕಾಗಿದೆ ಅಂದಿರಲ್ಲ, ಎಲ್ಲರೂ ಎಡವುವುದು ಇಲ್ಲೇ. ಕ್ಯಾಸೆಟ್ಟಿನ ಬಾಯಿಯ ನಡುವೆ ಸಣ್ಣ ಲೋಹದ ಪಟ್ಟಿಯ ಮೇಲೆ ಒಂದು ಉಣ್ಣೆಯ ಮೆತ್ತೆ ಇರುತ್ತದೆ, ರೀಲನ್ನು ಹೆಡ್ಡಿಗೆ ಒತ್ತಿ ಹಿಡಿಯುವುದು ಅದೇ. ಹಳೆಯದರಲ್ಲಿ ಅಂಟು ಒಣಗಿ ಬಿದ್ದುಹೋಗಿರುತ್ತದೆ. ಬೇರೆ ಕ್ಯಾಸೆಟ್ಟಿನದನ್ನು ತೆಗೆದು ಹಾಕಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿ ಕಡ್ಡಿಯಿಂದ ಒರೆಸಿ. ಇಷ್ಟಾದ ಮೇಲೂ ಮಂಕಾಗಿದ್ದರೆ ಹೆಡ್ಡಿನ ಓರೆ ನೋಡಬೇಕು. ನಿಮ್ಮ ಮಾವನ ಟೇಪ್ ರೆಕಾರ್ಡರಿನ ಹೆಡ್ಡು ಆಗ ಒಂದಿಷ್ಟು ಓರೆ ಇದ್ದಿರಬಹುದು. ಹಾಗಿದ್ದರೆ ಈಗಿನ ಮೆಷಿನ್ನಿನ ಹೆಡ್ಡೂ ಅಷ್ಟೇ ಓರೆ ಇದ್ದರೆ ಮಾತ್ರ ಅದರ ಧ್ವನಿ ಪೂರ್ತಿ ಹೊರಗೆ ಬರುತ್ತದೆ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಇದೆ. ಕ್ಯಾಸೆಟ್ ಓಡುತ್ತಿರುವಾಗಲೇ ಅದನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾ ಸ, ಶ ಅಕ್ಷರಗಳು, ಬಳೆ ಸದ್ದು ಯಾವಾಗ ಚುರುಕಾಗಿ ಕೇಳುತ್ತವೋ ಅಲ್ಲಿ ನಿಲ್ಲಿಸಿ. ಇದನ್ನು ಮಾಡದೆ ಆಮೇಲೆ ಕಂಪ್ಯೂಟರಿನಲ್ಲಿ ಟ್ರೆಬಲ್ ಏರಿಸಿದರೆ ಏರುವುದು ಬರೀ ಉಸ್ಸೆನ್ನುವ ಸದ್ದು. ಪ್ರತಿ ಕ್ಯಾಸೆಟ್ಟಿಗೂ ಮತ್ತೆ ತಿರುಗಿಸಬೇಕಾಗಬಹುದು, ಬೇಜಾರಿನ ಕೆಲಸವೇ.

ಇನ್ನೊಂದು ವಿಷಯ. ರೀಲು ಸಿಕ್ಕಿಕೊಂಡದ್ದು ಕ್ಯಾಸೆಟ್ಟಿನ ತಪ್ಪೇ ಆಗಿರಬೇಕಿಲ್ಲ. ಮೆಷಿನ್ನಿನ ಬೆಲ್ಟ್ ಸಡಿಲವಾದರೆ ರೀಲು ಸುತ್ತಿಕೊಳ್ಳುವ ಗಾಲಿ ತಿರುಗುವುದಿಲ್ಲ, ಬಂದ ರೀಲೆಲ್ಲ ಮೆಷಿನ್ನಿನ ರಬ್ಬರ್ ರೋಲರಿಗೆ ಸುತ್ತಿಕೊಳ್ಳುತ್ತದೆ. ಮೆಷಿನ್ ಸರಿ ಮಾಡಿಸಿ, ಬೇಡದ ಕ್ಯಾಸೆಟ್ ಒಂದನ್ನು ಎರಡೂ ಕಡೆ ಪೂರ್ತಿ ಓಡಿಸಿ ನೋಡಿ, ಆಮೇಲೆ ಅಜ್ಜಿಯದನ್ನು ಹಾಕಿ. ಅದು ಇನ್ನು ಇಪ್ಪತ್ತು ವರ್ಷ ಬಾಳಬೇಕಾಗಿಲ್ಲ, ಒಂದೇ ಒಂದು ಸಲ ಚೆನ್ನಾಗಿ ಓಡಿದರೆ ಸಾಕು. ಆದ್ದರಿಂದ ಆ ಒಂದು ಸಲ ಕಂಪ್ಯೂಟರಿನಲ್ಲಿ ರೆಕಾರ್ಡಿಂಗ್ ಶುರುವಾಗಿರಲಿ. "ಸುಮ್ನೆ ಒಂದ್ಸಲ ಕೇಳಿ ನೋಡೋಣ" ಅನ್ನಬೇಡಿ.

ಪ್ರಶ್ನೆ: ಟೇಪ್ ರೆಕಾರ್ಡರಿನಿಂದ ಲ್ಯಾಪ್‌ಟಾಪಿನ ಮೈಕ್ ತೂತಿಗೆ ವೈರ್ ಹಾಕಿದೆ. ಧ್ವನಿ ಒಡೆಯುತ್ತೆ ಸರ್. ಯುಎಸ್‌ಬಿ ಇರುವ ಸಣ್ಣ ಕ್ಯಾಸೆಟ್ ಪ್ಲೇಯರ್ ತಗೊಳ್ಳಬಹುದಾ?
– ಓದುಗರು, ಚಿತ್ರದುರ್ಗ

ಉತ್ತರ: ಆ ಆಟಿಕೆ ಪ್ಲೇಯರ್ ಬೇಡ ರೀ. ವೇಗ ಒಂದೇ ಸಮ ಇರುವುದಿಲ್ಲ, ರಾಗ ಎಳೆದಾಡುತ್ತದೆ. ಮೈಕ್ ತೂತು ಮೈಕಿನ ಸಣ್ಣ ಸಿಗ್ನಲ್ಲಿಗೆ ಮಾಡಿದ್ದು, ಸಾಮಾನ್ಯವಾಗಿ ಮೋನೋ. ಲೈನ್ ಇನ್ (ಟೇಪಿನಂಥ ಮೆಷಿನ್ನಿನ ಜೋರು ಸಿಗ್ನಲ್ ತಗೊಳ್ಳುವ ತೂತು) ಇರುವ ಒಂದು ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅಂದರೆ ಧ್ವನಿಯನ್ನು ಕಂಪ್ಯೂಟರಿಗೆ ಕೊಡುವ ಸಣ್ಣ ಪೆಟ್ಟಿಗೆ, ತಗೊಂಡು ಟೇಪಿನ ಲೈನ್ ಔಟ್‌ನಿಂದ ಅದಕ್ಕೆ ಕೊಡಿ. ಲೈನ್ ಔಟ್ ಇಲ್ಲದಿದ್ದರೆ ಹೆಡ್‌ಫೋನ್ ತೂತಿನಿಂದ, ವಾಲ್ಯೂಮ್ ಕಡಿಮೆ ಇಟ್ಟು. ರೆಕಾರ್ಡ್ ಮಾಡಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ. ಅದರ ಸೆಟ್ಟಿಂಗಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ, ಜೋರಾದ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟದಿರಲಿ. 60 ನಿಮಿಷದ ಕ್ಯಾಸೆಟ್ಟಿಗೆ 60 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ. ವೇವ್ ಫೈಲಿನಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಜಾಗ ಕಡಿಮೆಯಿದ್ದರೆ ಫ್ಲ್ಯಾಕ್ ಅನ್ನುವ ಚಿಕ್ಕ ಫೈಲಾಗಿ ಮಾಡಿ, ಗುಣಮಟ್ಟ ಕೆಡುವುದಿಲ್ಲ. ಎಂಪಿ3 ವಾಟ್ಸಾಪಿನಲ್ಲಿ ನೆಂಟರಿಗೆ ಕಳಿಸುವುದಕ್ಕೆ ಮಾತ್ರ. ಉಸ್ಸೆನ್ನುವ ಸದ್ದು ತೆಗೆಯುವ ಕೆಲಸವನ್ನು ಮೂಲ ಫೈಲಿನ ಮೇಲಲ್ಲ, ಅದರ ಪ್ರತಿಯ ಮೇಲೆ ಮಾಡಿ, ಅದೂ ಹಿತಮಿತವಾಗಿ. ಜಾಸ್ತಿ ಆದರೆ ನೀರೊಳಗೆ ಮಾತಾಡಿದ ಹಾಗೆ ಆಗುತ್ತದೆ. ಫೈಲಿನ ಹೆಸರಲ್ಲೇ ಯಾರು, ಯಾವ ಊರು, ಯಾವ ವರ್ಷ ಅಂತ ಬರೆಯಿರಿ.

ಪ್ರಶ್ನೆ: ಅಟ್ಟದಲ್ಲಿದ್ದ ಕ್ಯಾಸೆಟ್ಟಿನ ರೀಲಿನ ಮೇಲೆ ಬಿಳಿ ಪುಡಿ. ಬಿಸಿಲಿಗಿಡಲೇ?
– ಓದುಗರು, ಹೊಳಲ್ಕೆರೆ

ಉತ್ತರ: ಬಿಸಿಲು ಬೇಡ, ಡಬ್ಬಿ ಸೊಟ್ಟಗಾಗುತ್ತದೆ. ಅದು ಬೂಷ್ಟು. ಮೂಗಿಗೆ ಮಾಸ್ಕ್ ಹಾಕಿಕೊಳ್ಳಿ, ಬೇರೆ ಕ್ಯಾಸೆಟ್‌ಗಳಿಂದ ದೂರ ಇಡಿ. ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಬಿಟ್ಟು ಒಣಗಿಸಿ. ಆಮೇಲೆ ಮನೆಯ ಹೊರಗೆ ಕೂತು ಪೆನ್ಸಿಲ್ ಹಾಕಿ ನಿಧಾನಕ್ಕೆ ಸುತ್ತುತ್ತಾ ಮೆತ್ತನೆ ಒಣ ಬಟ್ಟೆಯಿಂದ ಪುಡಿ ಒರೆಸಿ. ಸುತ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಎಳೆಯಬೇಡಿ, ಇನ್ನೂ ಒಣಗಲಿ. ಓಡಿಸಲು ಹಳೇ ಮೆಷಿನ್ ಇದ್ದರೆ ಅದನ್ನೇ ಬಳಸಿ, ಓಡಿಸಿದ ಕೂಡಲೇ ಹೆಡ್ಡು, ರೋಲರ್ ಒರೆಸಿ. ಇಲ್ಲದಿದ್ದರೆ ಬೂಷ್ಟು ಮುಂದಿನ ಕ್ಯಾಸೆಟ್ಟಿಗೂ ಹತ್ತುತ್ತದೆ.