ಟೋಕಿಯೋದಲ್ಲಿ ಒಂದನೇ ಕ್ಲಾಸು ಹೇಗಿರುತ್ತೆ ಅಂತ ಕೇಳಿದ್ದಿರಲ್ಲ...

ಮಾರ್ಚ್ ಕೊನೆಗೆ ಟೋಕಿಯೋಗೆ ಬರುತ್ತಿದ್ದೇವೆ, ಮಗಳಿಗೆ ಆರು ವರ್ಷ ತುಂಬಿದೆ, ಜಪಾನಿ ಸರ್ಕಾರಿ ಶಾಲೆಗೆ ಹಾಕಿದರೆ ಏನು ಕಲಿಸುತ್ತಾರೆ, ಮುಂದೆ ಮೈಸೂರಿಗೆ ವಾಪಸ್ ಬಂದರೆ ಹಿಂದೆ ಬೀಳುತ್ತಾಳಾ ಅಂತ ಕೇಳಿದ್ದೀರಿ. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸರ್ಕಾರಿ ಶಾಲೆಯಲ್ಲೇ ಓದಿದವರು. ಅಕ್ಕಾ ಅಂತ ಬೇರೆ ಕರೆದಿದ್ದೀರಿ, ಆದ್ದರಿಂದ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಸೀಟಿನ ಚಿಂತೆ ಬಿಡಿ. ಡೊನೇಷನ್ ಇಲ್ಲ, ಇಂಟರ್‌ವ್ಯೂ ಇಲ್ಲ, ಫೀಸಿಲ್ಲ, ಪಠ್ಯಪುಸ್ತಕವೂ ಪುಕ್ಕಟೆ. ಆದರೆ ವಿದೇಶಿಯರ ಮಕ್ಕಳಿಗೆ ಇಲ್ಲಿ ಶಾಲೆ ಕಡ್ಡಾಯ ಅಲ್ಲ. ನೀವಾಗಿಯೇ ವಾರ್ಡ್ ಆಫೀಸಿಗೆ ಹೋಗಿ ಸೇರಿಸಬೇಕು ಅಂತ ಅರ್ಜಿ ಕೊಡಬೇಕು. ಏಪ್ರಿಲ್ ಮೊದಲ ವಾರದಲ್ಲೇ ಶಾಲೆ ಶುರು, ಬಂದ ತಕ್ಷಣ ಹೋಗಿ.

ಈಗ ಪಾಠ. ಒಂದನೇ ಕ್ಲಾಸಿಗೆ ವರ್ಷಕ್ಕೆ 850 ಪೀರಿಯಡ್, ಒಂದೊಂದು 45 ನಿಮಿಷ. ಅದರಲ್ಲಿ 306 ಬರೀ ಜಪಾನಿ ಭಾಷೆಗೆ, 136 ಲೆಕ್ಕಕ್ಕೆ. ವಿಜ್ಞಾನ, ಸಮಾಜ, ಇಂಗ್ಲಿಷ್ ಮೂರೂ ಶುರುವಾಗುವುದು ಮೂರನೇ ಕ್ಲಾಸಿನಲ್ಲೇ. ನಮ್ಮವರು ಬೆಚ್ಚಿಬೀಳುವುದು ಇಲ್ಲೇ. ಊರಲ್ಲಿ ಯುಕೆಜಿಯಲ್ಲೇ ಸ್ಪೆಲಿಂಗ್ ಟೆಸ್ಟ್ ನಡೆಯುತ್ತಿರುತ್ತದಲ್ಲ!

ಲೆಕ್ಕದಲ್ಲಿ ನಿಮ್ಮ ಮಗಳು ಮುಂದೆಯೇ ಇರುತ್ತಾಳೆ. ಆದರೆ ಉತ್ತರ ಬಂದರೆ ಸಾಲದು. 8ಕ್ಕೆ 5 ಕೂಡಿಸು ಅಂದರೆ, 5ರ ಕೆಳಗೆ ಜೋಡಿ ಚೆರ್ರಿ ಹಣ್ಣಿನ ಹಾಗೆ ಎರಡು ಸುತ್ತು ಬರೆಯಬೇಕು. ಒಂದರಲ್ಲಿ 2, ಇನ್ನೊಂದರಲ್ಲಿ 3. ಆ 2 ಹೋಗಿ 8ಕ್ಕೆ ಸೇರಿ 10 ಆಗುತ್ತದೆ, ಉಳಿದ 3 ಸೇರಿ 13. ಇದಕ್ಕೆ ಇಲ್ಲಿ ಚೆರ್ರಿ ಲೆಕ್ಕ ಅಂತಲೇ ಹೆಸರು. ಬೆರಳು ಎಣಿಸಿ ಥಟ್ ಅಂತ 13 ಹೇಳುವ ಮಗುವಿಗೆ ಇದು ಕಾಟ ಅನ್ನಿಸುತ್ತದೆ. ಬೈಪಾಸ್ ಮಾಡಿಸಬೇಡಿ. ಹತ್ತು ಮಾಡಿ ಮುಂದೆ ಹೋಗುವ ಈ ಅಭ್ಯಾಸ ಕೂತುಬಿಟ್ಟರೆ ದಶಕ ತೆಗೆದುಕೊಂಡು ಕಳೆಯುವಾಗ ಪೆನ್ಸಿಲ್ಲೇ ಬೇಕಾಗುವುದಿಲ್ಲ. ಮಗ್ಗಿ ಎರಡನೇ ಕ್ಲಾಸಿನಲ್ಲಿ, ಒಂಬತ್ತೊಂಬತ್ತಲ ಎಂಬತ್ತೊಂದಕ್ಕೆ ಮುಗಿಯಿತು. ರಾಗವಾಗಿ ಬಾಯಿಪಾಠ ಮಾಡುವುದು ಮಾತ್ರ ಥೇಟ್ ನಮ್ಮದೇ.

ನಿಜವಾದ ಬೆವರು ಹರಿಯುವುದು ಬರವಣಿಗೆಯಲ್ಲಿ. ಮೊದಲು 46 ಹಿರಗಾನ ಅಕ್ಷರ, ಆಮೇಲೆ ಅದೇ ಉಚ್ಚಾರಣೆಗಳ ಇನ್ನೊಂದು ಲಿಪಿ ಕತಕಾನ, ಅದರ ಮೇಲೆ 80 ಕಾಂಜಿ, ಅಂದರೆ ಚೀನಾದಿಂದ ಬಂದ ಅಕ್ಷರಗಳು. ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ ಅಂತ ಅಕ್ಷರಮಾಲೆ ಶುರುವಾಗುವುದು ಕೇಳಿದರೆ ನಿಮಗೆ ಖುಷಿಯಾಗುತ್ತದೆ. ಬೌದ್ಧ ಭಿಕ್ಷುಗಳ ಸಂಸ್ಕೃತ ಅಭ್ಯಾಸದಿಂದ ಬಂದ ಕ್ರಮ ಅದು. ಪೆನ್ಸಿಲ್ 2ಬಿ ಅಥವಾ ಬಿ, ದೊಡ್ಡ ಚೌಕದ ನೋಟ್‌ಬುಕ್, ಪ್ರತಿ ಚೌಕದ ನಡುವೆ ಚುಕ್ಕಿ ಗೆರೆ. ಗೆರೆ ಎಲ್ಲಿ ನಿಲ್ಲಬೇಕು, ಎಲ್ಲಿ ಕೊಕ್ಕೆ ಹಾಕಬೇಕು, ಎಲ್ಲಿ ತೆಳ್ಳಗೆ ಎಳೆದು ಬಿಡಬೇಕು ಅನ್ನುವುದನ್ನೂ ಟೀಚರ್ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ಚೆನ್ನಾಗಿದ್ದರೆ ಹೂವಿನ ಆಕಾರದ ಸುತ್ತು. ಆ ಹೂವಿಗೋಸ್ಕರ ಮಕ್ಕಳು ಏನು ಬೇಕಾದರೂ ಮಾಡುತ್ತಾರೆ.

ಇನ್ನೊಂದು ವಿಷಯಕ್ಕೆ ಸೇಕತ್ಸು ಅಂತ ಹೆಸರು. ಬದುಕಿಗೆ ಸಂಬಂಧಿಸಿದ ಪಾಠ ಅನ್ನಿ. ಪ್ರತಿ ಮಗುವೂ ಒಂದು ಕುಂಡದಲ್ಲಿ ಅಸಗಾವೊ (ಮಾರ್ನಿಂಗ್ ಗ್ಲೋರಿ) ಹೂವಿನ ಬಳ್ಳಿ ಬೆಳೆಸುತ್ತದೆ, ದಿನಾ ನೀರು ಹಾಕಿ ಚಿತ್ರ ಬರೆಯುತ್ತದೆ. ಬೇಸಿಗೆ ರಜೆ ಬಂದಾಗ ಆ ಕುಂಡವನ್ನು ಮನೆಗೆ ಹೊತ್ತು ತರುವವರು ಯಾರು? ನೀವೇ. ಇದರ ಜೊತೆಗೆ ಕ್ಲಾಸ್‌ರೂಮು ಗುಡಿಸಿ ಒರೆಸುವುದು, ಬಿಳಿ ಕೋಟು ಟೋಪಿ ಹಾಕಿಕೊಂಡು ಗೆಳೆಯರಿಗೆ ಊಟ ಬಡಿಸುವುದು. ಸರದಿ ಮುಗಿದ ಶುಕ್ರವಾರ ಆ ಕೋಟು ಮನೆಗೆ ಬರುತ್ತದೆ, ಒಗೆದು ಇಸ್ತ್ರಿ ಮಾಡಿ ಸೋಮವಾರ ಕಳಿಸಬೇಕು. ನನ್ನ ಪ್ರಕಾರ ಒಂದನೇ ಕ್ಲಾಸಿನ ಅಸಲಿ ಸಿಲೆಬಸ್ ಇದೇ.

ಅಮ್ಮಂದಿರಿಗೂ ಹೋಮ್‌ವರ್ಕ್ ಇದೆ. ಮಗು ದಿನಾ ಪಾಠವನ್ನು ಗಟ್ಟಿಯಾಗಿ ಓದುತ್ತದೆ, ನೀವು ಕೇಳಿ ಕಾರ್ಡಿಗೆ ಸಹಿ ಹಾಕಬೇಕು. ಜಪಾನಿ ಬರದಿದ್ದರೂ ಕೇಳಿ, ಪಕ್ಕದಲ್ಲಿ ಕೂತು ನೀವೂ ಕಲಿಯುತ್ತೀರಿ. ಶುರುವಿನಲ್ಲಿ ಲೆಕ್ಕದ ಡಬ್ಬಿಯೊಂದು ಕೊಡುತ್ತಾರೆ. ಅದರೊಳಗಿನ ಎಣಿಸುವ ಕಡ್ಡಿ, ಬಿಲ್ಲೆ, ಕಾರ್ಡು, ಒಂದೊಂದಕ್ಕೂ ಮಗುವಿನ ಹೆಸರು ಅಂಟಿಸಬೇಕು. ಉಗುರಿನಷ್ಟು ಬಿಲ್ಲೆಗೆ ಹೆಸರು! ನಮ್ಮ ಉದ್ದುದ್ದ ಹೆಸರುಗಳಿಗೆ ಅಲ್ಲಿ ಜಾಗ ಸಾಲುವುದಿಲ್ಲ, ಕರೆಯುವ ಹೆಸರು ಸಾಕಾ ಅಂತ ಮೊದಲೇ ಟೀಚರನ್ನು ಕೇಳಿ.

ಸಸ್ಯಾಹಾರಿಗಳಾದರೆ ಊಟದ ವಿಷಯ ಸೇರಿಸುವ ದಿನವೇ ಮಾತಾಡಿ. ತರಕಾರಿ ಸೂಪಿನಲ್ಲೂ ಮೀನಿನ ಸಾರ ಇರುತ್ತದೆ. ಮನೆಯಿಂದ ಡಬ್ಬಿ ಕಳಿಸುತ್ತೇವೆ ಅಂತ ನಿಧಾನವಾಗಿ ಹೇಳಿದರೆ ದಾರಿ ಮಾಡಿಕೊಡುವ ಶಾಲೆಗಳಿವೆ. ಸುಮ್ನೆ "ವೆಜಿಟೇರಿಯನ್" ಅಂದುಬಿಟ್ಟರೆ ಅರ್ಥವಾಗುವುದು ಕಷ್ಟ. ಏನೇನು ತಿನ್ನುವುದಿಲ್ಲ ಅಂತ ಜಪಾನಿಯಲ್ಲಿ ಬರೆಸಿಕೊಂಡು ಹೋಗಿ.

ಹಿಂದೆ ಬೀಳುವ ಪ್ರಶ್ನೆಗೆ ಬರೋಣ. ಒಂದೆರಡು ವರ್ಷಕ್ಕೆ ವಾಪಸ್ ಹೋಗುವುದು ಗ್ಯಾರಂಟಿ ಅಂತಿದ್ದರೆ ಇಲ್ಲಿನ ಸಿಬಿಎಸ್‌ಇ ಶಾಲೆಗಳನ್ನೂ ನೋಡಿ, ಫೀಸು ಜಾಸ್ತಿ ಅಷ್ಟೇ. ಇಲ್ಲೇ ನಿಲ್ಲುವ ಯೋಚನೆ ಇದ್ದರೆ ಜಪಾನಿ ಶಾಲೆಯೇ ಸರಿ. ಲೆಕ್ಕ ಕೈಬಿಡುವುದಿಲ್ಲ, ಇಂಗ್ಲಿಷನ್ನು ಮನೆಯಲ್ಲಿ ಹೇಗೋ ತುಂಬಿಸಬಹುದು. ಜಾರಿಹೋಗುವುದು ಕನ್ನಡ. ಮಾತಾಡುತ್ತಾರೆ, ಓದಲು ಬರೆಯಲು ಬರುವುದಿಲ್ಲ. ಎರಡನೇ ಕ್ಲಾಸಿನಲ್ಲಿ ಇನ್ನೂ 160 ಕಾಂಜಿ ಬಂದು ಮೇಲೆ ಬೀಳುತ್ತವೆ. ಅಷ್ಟರೊಳಗೆ ಕಾಗುಣಿತ, ಒತ್ತಕ್ಷರ ಮುಗಿಸಿಬಿಡಿ. ಬರುವಾಗ ಕಾಪಿ ಪುಸ್ತಕ ಎರಡು ಜಾಸ್ತಿಯೇ ತನ್ನಿ, ಇಲ್ಲಿ ಸಿಗುವುದಿಲ್ಲ. ಒಂದು ನನ್ನ ಚಿಕ್ಕವನಿಗೆ ಬೇಕು.