ಸಂಬಳದಲ್ಲಿ ಉಳಿಯೋದು 18 ಸಾವಿರ, ಕೆಲಸ ಬಿಡಲಾ?

ಪ್ರಶ್ನೆ: ನನಗೆ 33 ವರ್ಷ. ಪೀಣ್ಯದ ಕಾರ್ಖಾನೆಯೊಂದರ ಅಕೌಂಟ್ಸ್ ವಿಭಾಗದಲ್ಲಿ ಏಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಲ್ಲಿ ಒಟ್ಟು ಇನ್ನೂರು ಜನ ಇದ್ದೇವೆ. ನನ್ನ ಕೈಗೆ 38,000 ಬರುತ್ತದೆ, ಯಜಮಾನರಿಗೆ 82,000. ಮಗಳಿಗೆ ಎರಡು ವರ್ಷ. ಮೊನ್ನೆ ಇವರು ಚೀಟಿಯಲ್ಲಿ ಲೆಕ್ಕ ಬರೆದು ತೋರಿಸಿದರು: ಡೇಕೇರ್ 11,000, ಅಡುಗೆಯವರಿಗೆ 5,000, ಆಟೋ 4,000. ‘ನಿನ್ನ ಸಂಬಳದಲ್ಲಿ ಉಳಿಯೋದು 18,000. ಅಷ್ಟಕ್ಕೆ ಯಾಕೆ ಒದ್ದಾಟ? ಮನೇಲಿರು’ ಅಂದರು. ಅತ್ತೆಯವರದ್ದೂ ಅದೇ ಮಾತು. ಬೆಳಿಗ್ಗೆ ಮಗಳು ಅಳುವಾಗ ನನಗೂ ಬಿಟ್ಟುಬಿಡೋಣ ಅನ್ನಿಸುತ್ತದೆ. ಆದರೆ ಆಮೇಲೆ ಈ ಮನೆಯಲ್ಲಿ ನನಗೇನು ಬೆಲೆ ಅನ್ನೋ ಭಯ. ಏನು ಮಾಡಲಿ?

ಉತ್ತರ: ನಿಮ್ಮ ಯಜಮಾನರ ಕೂಡುವ ಕಳೆಯುವ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಮೂರೂ ಖರ್ಚು ನಿಮ್ಮ ಸಂಬಳದ ಮೇಲೇ ಬಿದ್ದದ್ದು ಹೇಗೆ? ಮಗಳು ಇಬ್ಬರಿಗೂ ಸೇರಿದವಳು. ಅಡುಗೆಯವರು ಮಾಡಿಟ್ಟದ್ದನ್ನು ಯಜಮಾನರೂ ಊಟ ಮಾಡುತ್ತಾರೆ. ಇನ್ನು ಆಟೋ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ಆದರೂ ನೀವು ಆಟೋ ಹತ್ತುತ್ತೀರಿ ಅಂದರೆ, ಡೇಕೇರ್ ಬಾಗಿಲು ಹಾಕುವ ಮೊದಲು ಓಡುವವರು ನೀವೇ ಅಂತ ನನ್ನ ಊಹೆ. ಈ 20,000ವನ್ನು ಇಬ್ಬರ ಸಂಬಳದ ಪ್ರಮಾಣದಲ್ಲಿ ಹಂಚಿ ನೋಡಿ. ನಿಮ್ಮ ಪಾಲಿಗೆ ಬರುವುದು ಸುಮಾರು 6,300.

ಹೇಗೆ ಹಂಚಿದರೂ ಮನೆಗೆ ಉಳಿಯುವುದು ಅಷ್ಟೇ ಅಲ್ವಾ ಎಂದು ಅವರು ಕೇಳಬಹುದು. ಈ ತಿಂಗಳ ಮಟ್ಟಿಗೆ ಅದು ನಿಜ. ಆದರೆ ಡೇಕೇರ್ ಖರ್ಚು ಮಗಳು ಶಾಲೆಗೆ ಹೋಗುವತನಕ. ನಿಮ್ಮ ಕೆಲಸ ಇನ್ನೂ 25 ವರ್ಷದ್ದು. ನಾಲ್ಕು ವರ್ಷ ಬಿಟ್ಟು ಮತ್ತೆ ಹೋದರೆ ಬಿಟ್ಟ ಜಾಗದಿಂದಲೇ ಶುರು ಮಾಡೋಕೆ ಆಗಲಿಕ್ಕಿಲ್ಲ. ಅಕೌಂಟ್ಸ್‌ನಲ್ಲಿ ಸಾಫ್ಟ್‌ವೇರ್, ತೆರಿಗೆ ನಿಯಮ ಎಲ್ಲ ಎಷ್ಟು ಬೇಗ ಬದಲಾಗುತ್ತವೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಚೀಟಿಯಲ್ಲಿ ಪಿಎಫ್ ಕೂಡ ಇಲ್ಲ. ಬರೀ 15,000 ರೂಪಾಯಿಯ ಮೇಲೆ ಹಿಡಿಯುತ್ತಾರೆ ಅಂದುಕೊಂಡರೂ ನಿಮ್ಮದು 1,800, ಕಂಪನಿಯದು 1,800. ಕಂಪನಿಯ ಪಾಲಿನಲ್ಲಿ ದೊಡ್ಡ ಭಾಗ ಪಿಂಚಣಿಗೆ ಹೋಗುತ್ತದೆ. ಆ ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಆಗಿರಬೇಕು. ನಿಮ್ಮದು ಏಳಾಗಿದೆ, ಇನ್ನು ಮೂರೇ ವರ್ಷ.

ಈಗ ನಿಮ್ಮ ಭಯದ ಮಾತು. ಮನೆಯಲ್ಲಿದ್ದರೆ ನನಗೇನು ಬೆಲೆ ಅಂದಿರಿ. ಅದಕ್ಕೆ ಉತ್ತರವನ್ನು ಯಜಮಾನರೇ ಬರೆದುಕೊಟ್ಟಿದ್ದಾರೆ, ಡೇಕೇರ್ ಮತ್ತು ಅಡುಗೆ ಸೇರಿ ತಿಂಗಳಿಗೆ 16,000. ನೀವು ಮನೆಯಲ್ಲಿದ್ದರೆ ಆ ಕೆಲಸಗಳೇನೂ ಮಾಯವಾಗುವುದಿಲ್ಲ. ಮಗು ನೋಡುವುದು, ಅಡುಗೆ ಮಾಡುವುದು ನಿಮ್ಮ ತಲೆಗೆ ಬರುತ್ತದೆ, ದುಡ್ಡು ಮಾತ್ರ ಬರುವುದಿಲ್ಲ. ಡೇಕೇರ್‌ನವರು ನಿಮ್ಮ ಮಗಳಿಗೆ ಅನ್ನ ಕಲಸಿ ತಿನ್ನಿಸಿದರೆ ದೇಶದ ಜಿಡಿಪಿಗೆ ಸೇರುತ್ತದೆ, ನೀವು ತಿನ್ನಿಸಿದರೆ ಇಲ್ಲ! 2024ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ.

ನ್ಯಾಯಾಲಯಗಳು ಈ ಕೆಲಸಕ್ಕೆ ಬೆಲೆ ಕಟ್ಟಿವೆ. ಆದರೆ ಹೆಚ್ಚಾಗಿ ಗೃಹಿಣಿ ಅಪಘಾತದಲ್ಲಿ ತೀರಿಕೊಂಡ ಮೇಲೆ, ಪರಿಹಾರ ಲೆಕ್ಕ ಹಾಕುವಾಗ. 2001ರಲ್ಲಿ ಜಮ್‌ಶೆಡ್‌ಪುರದ ಬೆಂಕಿ ದುರಂತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತಿಂಗಳಿಗೆ 3,000 ಎಂದು ಹಿಡಿಯಿತು. 2024ರಲ್ಲಿ, ದಿನಗೂಲಿಯವರ ಕನಿಷ್ಠ ವೇತನಕ್ಕಿಂತ ಕಡಿಮೆ ಹಿಡಿಯಬಾರದು ಎಂದಿತು. ಬದುಕಿರುವವರ ವಿಷಯದಲ್ಲಿ 2023ರ ಮದ್ರಾಸ್ ಹೈಕೋರ್ಟ್ ತೀರ್ಪೊಂದಿದೆ. ಗಂಡನ ಸಂಪಾದನೆಯಲ್ಲಿ ಕೊಂಡ ಆಸ್ತಿಯಲ್ಲಿ, ಮನೆ ನಡೆಸಿದ ಹೆಂಡತಿಗೂ ಸಮಪಾಲು ಕೊಟ್ಟಿತು. ಅದನ್ನೇ ನಂಬಿಕೊಂಡು ಕೂರಬೇಡಿ. ಪಕ್ಕದ ಗೋವಾದಲ್ಲಿರುವಂತೆ ಮದುವೆಯಿಂದಲೇ ಆಸ್ತಿ ಇಬ್ಬರದೂ ಆಗುವ ಕಾನೂನು ಕರ್ನಾಟಕದಲ್ಲಿ ಇಲ್ಲ.

ಆದ್ದರಿಂದ ನಾನು ಹೇಳುವುದು ಇಷ್ಟು. 18,000 ಅನ್ನೋ ಕಾರಣಕ್ಕೆ ಬಿಡಬೇಡಿ. ಮಗಳ ಜೊತೆ ಇರಬೇಕು ಅನ್ನಿಸಿದರೆ ಬಿಡಿ, ಅದು ಸಣ್ಣ ಕಾರಣ ಅಲ್ಲ. ಎರಡು ವರ್ಷದ ಮಗು ಕಾಲು ತಬ್ಬಿಕೊಂಡು ಅತ್ತಾಗ ಹೊರಟುಬಿಡುವುದು ಯಾರಿಗೂ ಸುಲಭ ಅಲ್ಲ. ಡೇಕೇರ್‌ಗೆ ಬಿಡುವ ಕೆಲಸವನ್ನು ಯಜಮಾನರೂ ವಾರಕ್ಕೆ ಮೂರು ದಿನ ಮಾಡಲಿ. ಆಮೇಲೆ ಚೀಟಿಗೆ ಇನ್ನೆರಡು ಸಾಲು ಅವರೇ ಸೇರಿಸಬಹುದು!

ಬಿಡುವುದೇ ಆದರೆ ಮಾತು ಮೊದಲೇ ಆಗಲಿ, ಮುಲಾಜು ಬೇಡ. ಪ್ರತಿ ತಿಂಗಳು ಇಷ್ಟು ದುಡ್ಡು ನಿಮ್ಮ ಖಾತೆಗೆ ಬರಬೇಕು. ಅದು ಮನೆ ಖರ್ಚಿನದ್ದಲ್ಲ, ನಿಮ್ಮದು. ನಿಮ್ಮ ಹೆಸರಲ್ಲಿ ಒಂದು ಪಿಪಿಎಫ್ ಉಳಿತಾಯ ಖಾತೆ ಇರಲಿ. ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಹಾಕಬಹುದು, ಯಜಮಾನರು ಕೊಟ್ಟ ದುಡ್ಡನ್ನೂ ಹಾಕಬಹುದು. ಮುಂದೆ ಸೈಟು, ಮನೆ ಕೊಂಡರೆ ಪತ್ರದಲ್ಲಿ ಇಬ್ಬರ ಹೆಸರೂ ಇರಲಿ. ಇದಕ್ಕೆ ಅವರು ‘ನಮ್ಮಿಬ್ಬರ ಮಧ್ಯೆ ಇದೆಲ್ಲ ಯಾಕೆ’ ಅಂದರೆ, ಚೀಟಿ ಬರೆದವರು ಅವರೇ ಅಂತ ನೆನಪು ಮಾಡಿ.

ರಾಜೀನಾಮೆ ಬರೆಯುವ ಮೊದಲು ಕಂಪನಿಯಲ್ಲಿ ಒಂದು ವಿಷಯ ಕೇಳಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರ ತಿದ್ದುಪಡಿ ಬಂದ ಮೇಲೆ, 50 ಅಥವಾ ಜಾಸ್ತಿ ಜನ ಇರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಿ ಬರಬಹುದು. ನೀವು ಇನ್ನೂರು ಜನ. ಒಬ್ಬರೇ ಹೋಗಬೇಡಿ, ಚಿಕ್ಕ ಮಕ್ಕಳಿರುವ ಬೇರೆಯವರನ್ನೂ ಸೇರಿಸಿಕೊಂಡು ಬರವಣಿಗೆಯಲ್ಲಿ ಕೊಡಿ. ಅದೂ ಆಗದಿದ್ದರೆ ಸಂಬಳವಿಲ್ಲದ ರಜೆಯ ಮಾತಾಡಿ. ಕೊನೆಗೆ ಬಿಟ್ಟೇ ಬಿಟ್ಟರೆ, ಐದು ವರ್ಷ ದಾಟಿರುವುದರಿಂದ ಗ್ರಾಚ್ಯುಟಿ ನಿಮ್ಮ ಹಕ್ಕು, ಕೇಳಿ ತೆಗೆದುಕೊಳ್ಳಿ. ಪಿಂಚಣಿಯ ದುಡ್ಡನ್ನು ಮಾತ್ರ ವಾಪಸ್ ಪಡೆಯಬೇಡಿ. ಅದರ ಬದಲು, ನಿಮ್ಮ ಸೇವೆಯ ದಾಖಲೆಯಾದ ಸ್ಕೀಮ್ ಸರ್ಟಿಫಿಕೇಟ್ ಕೇಳಿ. ಮುಂದೆ ಬೇರೆ ಕಡೆ ಸೇರಿದಾಗ ಈ ಏಳು ವರ್ಷ ಅಲ್ಲಿನ ಸೇವೆಯ ಜೊತೆ ಸೇರುತ್ತದೆ.